'ಗ್ರೇಟೆಸ್ಟ್ ಹಿಟ್ಸ್': ಟುಪಾಕ್ ಇಲ್ಲದೆ ಸಿದ್ಧವಾದ ಟುಪಾಕ್ ಸಂಕಲನ

ಅಮೆರಿಕದ ರ‍್ಯಾಪ್ ಗಾಯಕ ಟುಪಾಕ್ ಅಮರು ಶಕುರ್ ಅವರ 'ಗ್ರೇಟೆಸ್ಟ್ ಹಿಟ್ಸ್' 1998ರ ನವೆಂಬರ್ 24ರಂದು ಬಿಡುಗಡೆಯಾದ ಗೀತ ಸಂಕಲನ. ಎರಡು ಸಿ.ಡಿ.ಗಳಲ್ಲಿ ಒಟ್ಟು 25 ಗೀತೆಗಳಿವೆ. 1991ರ ಮೊದಲ ಆಲ್ಬಂನಿಂದ ಹಿಡಿದು ಸಾವಿನ ಬಳಿಕ ಹೊರಬಂದ ಆಲ್ಬಂವರೆಗೆ ಅವರ ಇಡೀ ವೃತ್ತಿಜೀವನವನ್ನು ಇದು ಒಳಗೊಂಡಿದೆ. ಅಮೆರಿಕದ ಧ್ವನಿಮುದ್ರಣ ಉದ್ಯಮ ಸಂಘವು 2011ರಲ್ಲಿ ಇದಕ್ಕೆ 'ಡೈಮಂಡ್' ಮಾನ್ಯತೆ ನೀಡಿತು. ಒಂದು ಕೋಟಿ ಘಟಕಗಳ ಮಾರಾಟಕ್ಕೆ ಸಲ್ಲುವ ಗೌರವವಿದು. ಜೋಡಿ ಆಲ್ಬಂಗಳಲ್ಲಿ ಪ್ರತಿ ಸಿ.ಡಿ.ಯನ್ನೂ ಪ್ರತ್ಯೇಕವಾಗಿ ಎಣಿಸುವುದರಿಂದ ಇದರ ಅರ್ಥ 50 ಲಕ್ಷ ಜೋಡಿಗಳು ಎಂದಾಗುತ್ತದೆ.

ಮಾರಾಟದ ಅಂಕಿಗಿಂತಲೂ ಈ ಸಂಕಲನವನ್ನು ವಿಶಿಷ್ಟವಾಗಿಸುವುದು ಮತ್ತೊಂದು ಸಂಗತಿ. ಗಾಯಕನೊಬ್ಬ ತನ್ನ ಜೀವಮಾನದ ಗೀತೆಗಳಲ್ಲಿ ಉತ್ತಮವಾದವನ್ನು ಆರಿಸಿ ಕೇಳುಗರ ಮುಂದಿಡುವುದು ವಾಡಿಕೆ. ಇಲ್ಲಿ ಹಾಗಾಗಲಿಲ್ಲ. ಸಂಕಲನ ಹೊರಬಂದಾಗ ಶಕುರ್ ತೀರಿಕೊಂಡು ಎರಡು ವರ್ಷ ದಾಟಿತ್ತು. ಯಾವ ಗೀತೆ ಇರಬೇಕು, ಯಾವುದು ಬೇಡ, ಯಾವುದು ಮೊದಲು, ಯಾವುದು ಕೊನೆಗೆ ಎಂಬ ನಿರ್ಧಾರಗಳೆಲ್ಲವೂ ಇತರರದು. ಹೀಗಾಗಿ ಇದನ್ನು ಹಾಡುಗಳ ಕಟ್ಟು ಎನ್ನುವುದಕ್ಕಿಂತ, ಮೃತ ಕಲಾವಿದನ ಕುರಿತು ಅವನ ವಾರಸುದಾರರೂ ಕಂಪನಿಗಳೂ ಕೂಡಿ ಬಿಡಿಸಿದ ಒಂದು ಭಾವಚಿತ್ರ ಎನ್ನುವುದೇ ಸರಿ. ಆ ಚಿತ್ರ ಎಷ್ಟು ಪ್ರಾಮಾಣಿಕ ಎಂಬ ಪ್ರಶ್ನೆ ಇಂದಿಗೂ ಪ್ರಸ್ತುತ.

ಸಂಕ್ಷಿಪ್ತ ಮಾಹಿತಿ

ಕಲಾವಿದ: ಟುಪಾಕ್ ಶಕುರ್ (ಜನನ: 1971ರ ಜೂನ್ 16, ನ್ಯೂಯಾರ್ಕ್, ಮರಣ: 1996ರ ಸೆಪ್ಟೆಂಬರ್ 13, ಲಾಸ್ ವೇಗಸ್)
ಬಿಡುಗಡೆ: 1998ರ ನವೆಂಬರ್ 24
ಪ್ರಕಾಶಕರು: ಅಮರು, ಡೆತ್ ರೋ ಮತ್ತು ಇಂಟರ್‌ಸ್ಕೋಪ್
ಗೀತೆಗಳು: ಮೊದಲ ಸಿ.ಡಿ.ಯಲ್ಲಿ 12, ಎರಡನೆಯದರಲ್ಲಿ 13
ಅದುವರೆಗೆ ಪ್ರಕಟವಾಗದೆ ಇದ್ದ ಗೀತೆಗಳು: 4

ಯಾರು ಈ ಟುಪಾಕ್?

ತಾಳಬದ್ಧ ಸಂಗೀತದ ಮೇಲೆ ಪ್ರಾಸಬದ್ಧವಾದ ಮಾತನ್ನು ವೇಗವಾಗಿ ಹೇಳುತ್ತ ಹೋಗುವ ಕಲೆಯೇ ರ‍್ಯಾಪ್. 1970ರ ದಶಕದಲ್ಲಿ ನ್ಯೂಯಾರ್ಕ್ ನಗರದ ಬ್ರಾಂಕ್ಸ್ ಪ್ರದೇಶದ ಬಡ ಕಪ್ಪುವರ್ಣೀಯರ ಬಡಾವಣೆಗಳಲ್ಲಿ ಹುಟ್ಟಿದ ಈ ಕಲೆ, ಎರಡು ದಶಕಗಳೊಳಗೆ ಅಮೆರಿಕದ ಸಂಗೀತ ಮಾರುಕಟ್ಟೆಯ ಮುಂಚೂಣಿಗೆ ಬಂದಿತು. ಆ ಬೆಳವಣಿಗೆಯ ಪ್ರಮುಖ ಹೆಸರುಗಳಲ್ಲಿ ಶಕುರ್ ಅವರದೂ ಒಂದು.

ಅವರ ತಾಯಿ ಆಫೆನಿ ಶಕುರ್ ಕಪ್ಪುವರ್ಣೀಯರ ಹಕ್ಕುಗಳಿಗಾಗಿ ಹೋರಾಡುತ್ತಿದ್ದ 'ಬ್ಲ್ಯಾಕ್ ಪ್ಯಾಂಥರ್' ಪಕ್ಷದ ಕಾರ್ಯಕರ್ತೆ. ಬಾಂಬ್ ಸ್ಫೋಟದ ಸಂಚು ರೂಪಿಸಿದ ಆರೋಪದ ಮೇಲೆ ಇತರ ಪ್ಯಾಂಥರ್ ಸದಸ್ಯರೊಂದಿಗೆ ವಿಚಾರಣೆ ಎದುರಿಸಿದ ಅವರು, ಗರ್ಭಿಣಿಯಾಗಿದ್ದಾಗಲೇ ಸೆರೆಮನೆಯಲ್ಲಿದ್ದರು. ವಕೀಲರನ್ನು ಅವಲಂಬಿಸದೆ ನ್ಯಾಯಾಲಯದಲ್ಲಿ ತಾವೇ ವಾದ ಮಂಡಿಸಿದರು. 1971ರ ಮೇ ತಿಂಗಳಲ್ಲಿ ನಿರ್ದೋಷಿಯೆಂದು ಬಿಡುಗಡೆಯಾದರು. ಮುಂದಿನ ತಿಂಗಳು ಮಗ ಹುಟ್ಟಿದ. ಸ್ಪೇನ್ ಆಳ್ವಿಕೆಯ ವಿರುದ್ಧ 18ನೇ ಶತಮಾನದಲ್ಲಿ ಪೆರು ದೇಶದಲ್ಲಿ ದಂಗೆಯೆದ್ದ ಎರಡನೇ ಟುಪಾಕ್ ಅಮರುವಿನ ಹೆಸರನ್ನು ಮಗನಿಗಿಟ್ಟರು.

ಹದಿಹರೆಯದಲ್ಲಿ ಬಾಲ್ಟಿಮೋರ್ ನಗರದ ಕಲಾಶಾಲೆಯಲ್ಲಿ ನಾಟಕ, ಕಾವ್ಯ, ನೃತ್ಯಗಳ ಶಿಕ್ಷಣ ಪಡೆದ ಟುಪಾಕ್, 1988ರಲ್ಲಿ ಕುಟುಂಬದೊಡನೆ ಕ್ಯಾಲಿಫೋರ್ನಿಯಾಕ್ಕೆ ಬಂದರು. 'ಡಿಜಿಟಲ್ ಅಂಡರ್‌ಗ್ರೌಂಡ್' ತಂಡದಲ್ಲಿ ಸಾಮಾನು ಹೊರುವ ಕೆಲಸ ಮಾಡುತ್ತ, ಕುಣಿಯುತ್ತ, ಕಡೆಗೆ 1991ರಲ್ಲಿ ಆ ತಂಡದ ಗೀತೆಯೊಂದರಲ್ಲಿ ದನಿಗೂಡಿಸುವ ಅವಕಾಶ ಪಡೆದರು. ಅದೇ ವರ್ಷ ನವೆಂಬರ್‌ನಲ್ಲಿ ಮೊದಲ ಆಲ್ಬಂ 'ಟುಪಾಕಲಿಪ್ಸ್ ನೌ' ಬಂದಿತು. ಅಲ್ಲಿಂದ ಐದು ವರ್ಷ ತುಂಬುವುದರೊಳಗೆ ಅವರ ಬದುಕೇ ಮುಗಿಯಿತು. ಈ ಅಲ್ಪಾವಧಿಯಲ್ಲಿ ಅವರ ಹೆಸರಿನಲ್ಲಿ ಬಂದ ಆಲ್ಬಂಗಳು ನಾಲ್ಕು. ಸಾವಿನ ಬಳಿಕ ಬಂದವು ಆರು.

25 ಗೀತೆಗಳ ಲೆಕ್ಕಾಚಾರ

ಸಂಕಲನದ ಗೀತೆಗಳು ಕಾಲಾನುಕ್ರಮದಲ್ಲಿಲ್ಲ. 1993ರ 'ಕೀಪ್ ಯಾ ಹೆಡ್ ಅಪ್' ಗೀತೆಯಿಂದ ಆರಂಭವಾಗಿ, 1996ರ 'ಹಾರ್ಟ್ಸ್ ಆಫ್ ಮೆನ್' ಗೀತೆಯೊಂದಿಗೆ ಮುಗಿಯುತ್ತದೆ. ನಡುವೆ ವರ್ಷಗಳು ಹಿಂದುಮುಂದಾಗಿವೆ. ಗೀತೆಗಳನ್ನು ಅವುಗಳ ಮೂಲ ಆಲ್ಬಂಗಳಿಗೆ ಮರಳಿಸಿ ಎಣಿಸಿದರೆ ಆಯ್ಕೆಯ ಒಲವು ಸ್ಪಷ್ಟವಾಗುತ್ತದೆ.

ಮೊದಲ ಆಲ್ಬಂ 'ಟುಪಾಕಲಿಪ್ಸ್ ನೌ'ನಿಂದ 2, 1993ರ ಎರಡನೇ ಆಲ್ಬಂನಿಂದ 2, 1994ರ 'ಥಗ್ ಲೈಫ್' ತಂಡದ ಆಲ್ಬಂನಿಂದ 1, 1995ರ 'ಮಿ ಅಗೇನ್ಸ್ಟ್ ದ ವರ್ಲ್ಡ್'ನಿಂದ 4, 1996ರ 'ಆಲ್ ಐಜ್ ಆನ್ ಮಿ'ನಿಂದ 7, ಅದೇ ವರ್ಷ ಸಾವಿನ ಬಳಿಕ 'ಮಕವೇಲಿ' ಎಂಬ ಹೆಸರಿನಲ್ಲಿ ಬಂದ ಆಲ್ಬಂನಿಂದ 3 ಗೀತೆಗಳಿವೆ. ಇವುಗಳ ಜೊತೆಗೆ 'ಕ್ಯಾಲಿಫೋರ್ನಿಯಾ ಲವ್' ಗೀತೆಯ ಮೂಲ ರೂಪ, ಯಾವ ಆಲ್ಬಂನಲ್ಲೂ ಸೇರಿರದಿದ್ದ 'ಹಿಟ್ ಎಮ್ ಅಪ್', ಹಾಗೂ ಅಪ್ರಕಟಿತವಾಗಿದ್ದ ನಾಲ್ಕು ಗೀತೆಗಳು ಸೇರಿ 25.

ಅಂದರೆ, 1995ರ ಅಕ್ಟೋಬರ್‌ನಲ್ಲಿ ಸೆರೆಮನೆಯಿಂದ ಹೊರಬಂದು ಡೆತ್ ರೋ ಸಂಸ್ಥೆ ಸೇರಿದ ಮೇಲೆ ಬದುಕಿದ್ದ ಹನ್ನೊಂದು ತಿಂಗಳ ಅವಧಿಗೆ ಸಂಕಲನದ ಹೆಚ್ಚುಕಡಿಮೆ ಅರ್ಧದಷ್ಟು ಪಾಲು ಸಂದಿದೆ. ಬಡತನ, ಪೊಲೀಸ್ ದೌರ್ಜನ್ಯ, ವರ್ಣಭೇದಗಳನ್ನು ಕುರಿತು ಬರೆದ ಮೊದಲ ಎರಡು ಆಲ್ಬಂಗಳಿಗೆ ದೊರೆತದ್ದು ನಾಲ್ಕೇ ಸ್ಥಾನ. 1993ರ ಆಲ್ಬಂನ ಕೆಚ್ಚಿನ ಗೀತೆ 'ಹಾಲರ್ ಇಫ್ ಯಾ ಹಿಯರ್ ಮಿ' ಪಟ್ಟಿಯಲ್ಲಿಲ್ಲ. ಹೆಚ್ಚು ಮಾರಾಟವಾದ ಗೀತೆಗಳಿಗೆ ಹೆಚ್ಚು ಸ್ಥಳ ಎಂಬುದು 'ಗ್ರೇಟೆಸ್ಟ್ ಹಿಟ್ಸ್' ಎಂಬ ಹೆಸರಿಗೆ ತಕ್ಕ ನ್ಯಾಯವೇ ಸರಿ. ಆದರೆ ಈ ಸಂಕಲನವೊಂದನ್ನೇ ಕೇಳಿದವರಿಗೆ ಕಡೆಯ ವರ್ಷದ ಅಬ್ಬರದ ಟುಪಾಕ್ ದೊಡ್ಡದಾಗಿಯೂ, ಇಪ್ಪತ್ತರ ಹರೆಯದ ಸಿಟ್ಟಿನ ವರದಿಗಾರ ಟುಪಾಕ್ ಚಿಕ್ಕದಾಗಿಯೂ ಕಾಣುವುದು ಅನಿವಾರ್ಯ.

ಪತ್ರಿಕೆಯ ಸುದ್ದಿಯಿಂದ ಹುಟ್ಟಿದ ಗೀತೆ

ವರದಿಗಾರ ಎಂಬ ಮಾತು ಇಲ್ಲಿ ಅಲಂಕಾರಕ್ಕಾಗಿ ಬಂದದ್ದಲ್ಲ. ಎರಡನೇ ಸಿ.ಡಿ.ಯಲ್ಲಿರುವ 'ಬ್ರೆಂಡಾಸ್ ಗಾಟ್ ಎ ಬೇಬಿ' ಪತ್ರಿಕೆಯೊಂದರ ಸುದ್ದಿಯಿಂದಲೇ ಹುಟ್ಟಿದ ಗೀತೆ. 'ಜ್ಯೂಸ್' ಚಲನಚಿತ್ರದಲ್ಲಿ ಅಭಿನಯಿಸುತ್ತಿದ್ದ ದಿನಗಳಲ್ಲಿ, ಹನ್ನೆರಡರ ಬಾಲೆಯೊಬ್ಬಳು ಗರ್ಭ ಧರಿಸಿ, ಹೆತ್ತ ಶಿಶುವನ್ನು ಕಸಕ್ಕೆ ಎಸೆದ ಸುದ್ದಿಯನ್ನು ಶಕುರ್ ಓದಿದರು. ಸುದ್ದಿಯ ಹಿಂದಿನ ಮನೆ, ಕುಟುಂಬ, ನೆರೆಹೊರೆಗಳನ್ನು ಊಹಿಸಿಕೊಂಡು ಕಥನಗೀತೆಯೊಂದನ್ನು ರಚಿಸಿದರು. ಗೀತೆಯುದ್ದಕ್ಕೂ ದೂಷಣೆ ಹುಡುಗಿಯತ್ತ ತಿರುಗುವುದಿಲ್ಲ. ಅವಳ ಅವಸ್ಥೆಯನ್ನು ಕಂಡೂ ಕಾಣದಂತಿದ್ದ ಸುತ್ತಲಿನವರತ್ತ ತಿರುಗುತ್ತದೆ.

ಮೊದಲ ಸಿ.ಡಿ.ಯ 'ಟ್ರ್ಯಾಪ್ಡ್' ಪೊಲೀಸರ ಕಿರುಕುಳಕ್ಕೆ ಸಿಲುಕಿದ ಕಪ್ಪು ಯುವಕನ ಸ್ಥಿತಿಯನ್ನು ಹೇಳುತ್ತದೆ. ಇದು ಹೊರಬಂದ ಕೆಲವೇ ವಾರಗಳಲ್ಲಿ, 1991ರ ಅಕ್ಟೋಬರ್‌ನಲ್ಲಿ, ಓಕ್ಲೆಂಡ್ ನಗರದಲ್ಲಿ ನಿಯಮ ಮೀರಿ ರಸ್ತೆ ದಾಟಿದರೆಂದು ಶಕುರ್ ಅವರನ್ನು ಪೊಲೀಸರು ತಡೆದರು. ತಮ್ಮನ್ನು ಥಳಿಸಲಾಯಿತು ಎಂದು ಆರೋಪಿಸಿ ಅವರು ಒಂದು ಕೋಟಿ ಡಾಲರ್ ಪರಿಹಾರ ಕೋರಿ ಮೊಕದ್ದಮೆ ಹೂಡಿದರು. ಅದು ಮುಂದೆ ರಾಜಿಯಲ್ಲಿ ಕೊನೆಗೊಂಡಿತು.

ಈ ಆಲ್ಬಂ ರಾಜಕೀಯ ವಿವಾದಕ್ಕೂ ಗುರಿಯಾಯಿತು. 1992ರಲ್ಲಿ ಟೆಕ್ಸಾಸ್ ರಾಜ್ಯದ ಪೊಲೀಸ್ ಸಿಬ್ಬಂದಿಯೊಬ್ಬರನ್ನು ಗುಂಡಿಕ್ಕಿ ಕೊಂದ ಯುವಕ ಆ ವೇಳೆ ಇದೇ ಆಲ್ಬಂ ಕೇಳುತ್ತಿದ್ದ ಎಂಬ ವಾದ ಮುಂದೆ ಬಂತು. ಅಂದಿನ ಉಪಾಧ್ಯಕ್ಷ ಡ್ಯಾನ್ ಕ್ವೇಲ್ ಆಲ್ಬಂ ಅನ್ನು ಹಿಂತೆಗೆದುಕೊಳ್ಳುವಂತೆ ಇಂಟರ್‌ಸ್ಕೋಪ್ ಸಂಸ್ಥೆಯನ್ನು ಬಹಿರಂಗವಾಗಿ ಒತ್ತಾಯಿಸಿದರು. ಸಂಸ್ಥೆ ಮಣಿಯಲಿಲ್ಲ.

ಒಂದೇ ಕಂಠ, ಎರಡು ಮುಖ

ಸಂಕಲನದ ಮೊದಲ ಗೀತೆ 'ಕೀಪ್ ಯಾ ಹೆಡ್ ಅಪ್' ಕಪ್ಪುವರ್ಣೀಯ ಹೆಣ್ಣುಮಕ್ಕಳಿಗೆ, ಅದರಲ್ಲೂ ಒಂಟಿ ತಾಯಂದಿರಿಗೆ ಧೈರ್ಯ ಹೇಳುವ ಗೀತೆ. 1991ರಲ್ಲಿ ಲಾಸ್ ಏಂಜಲೀಸ್‌ನ ಅಂಗಡಿಯೊಂದರಲ್ಲಿ ಗುಂಡೇಟಿಗೆ ಬಲಿಯಾದ 15ರ ಬಾಲೆ ಲಟಾಷಾ ಹಾರ್ಲಿನ್ಸ್‌ಗೆ ಇದು ಅರ್ಪಿತವಾಗಿದೆ. ಆಕೆಯನ್ನು ಕೊಂದ ಅಂಗಡಿಯಾಕೆಗೆ ಸೆರೆವಾಸವಾಗಲಿಲ್ಲ. ಕಪ್ಪುವರ್ಣೀಯ ಸಮುದಾಯದ ಮನಸ್ಸಿನಲ್ಲಿ ಆ ತೀರ್ಪು ಬಹುಕಾಲ ಕುದಿಯಿತು.

ಈ ಗೀತೆ ಬಿಡುಗಡೆಯಾದದ್ದು 1993ರ ಅಕ್ಟೋಬರ್‌ನಲ್ಲಿ. ಮರುತಿಂಗಳೇ ನ್ಯೂಯಾರ್ಕ್‌ನಲ್ಲಿ ಯುವತಿಯೊಬ್ಬಳ ಮೇಲೆ ಲೈಂಗಿಕ ದೌರ್ಜನ್ಯ ನಡೆಸಿದ ಆರೋಪ ಶಕುರ್ ಅವರ ಮೇಲೆ ಬಂದಿತು. 1994ರ ಡಿಸೆಂಬರ್ 1ರಂದು ನ್ಯಾಯಾಲಯವು ಇತರ ಆರೋಪಗಳಿಂದ ಅವರನ್ನು ಮುಕ್ತಗೊಳಿಸಿತಾದರೂ, ಲೈಂಗಿಕ ದೌರ್ಜನ್ಯದ ಅಪರಾಧಕ್ಕೆ ದೋಷಿ ಎಂದು ಸಾರಿತು. ಶಕುರ್ ಕೊನೆಯವರೆಗೂ ತಪ್ಪನ್ನು ಒಪ್ಪಿಕೊಳ್ಳಲಿಲ್ಲ. ತೀರ್ಪಿನ ಹಿಂದಿನ ರಾತ್ರಿ ಮ್ಯಾನ್‌ಹಟನ್‌ನ ಕ್ವಾಡ್ ಸ್ಟುಡಿಯೋದಲ್ಲಿ ಅಪರಿಚಿತರು ಗುಂಡು ಹಾರಿಸಿದ್ದರಿಂದ ಗಾಯಗೊಂಡಿದ್ದ ಅವರು ಗಾಲಿಕುರ್ಚಿಯಲ್ಲಿ ನ್ಯಾಯಾಲಯಕ್ಕೆ ಬಂದಿದ್ದರು. 1995ರ ಫೆಬ್ರವರಿಯಲ್ಲಿ ಒಂದೂವರೆಯಿಂದ ನಾಲ್ಕೂವರೆ ವರ್ಷಗಳ ಶಿಕ್ಷೆ ಪ್ರಕಟವಾಯಿತು. ಮಾರ್ಚ್‌ನಲ್ಲಿ 'ಮಿ ಅಗೇನ್ಸ್ಟ್ ದ ವರ್ಲ್ಡ್' ಬಿಡುಗಡೆಯಾಗಿ ಬಿಲ್‌ಬೋರ್ಡ್ ಪಟ್ಟಿಯ ಮೊದಲ ಸ್ಥಾನಕ್ಕೇರಿದಾಗ ಗಾಯಕ ಸೆರೆಮನೆಯಲ್ಲಿದ್ದರು.

ಆ ಆಲ್ಬಂನ 'ಡಿಯರ್ ಮಾಮಾ' ಈ ಸಂಕಲನದ ಅತ್ಯಂತ ಆಪ್ತ ಗೀತೆಗಳಲ್ಲೊಂದು. ಮಾದಕ ವ್ಯಸನಕ್ಕೆ ಬಿದ್ದಿದ್ದ ತಾಯಿಯ ಮೇಲಿನ ಕೋಪವನ್ನೂ, ಬಡತನದಲ್ಲಿ ಮಕ್ಕಳನ್ನು ಸಾಕಿದ ಆಕೆಯ ಋಣವನ್ನೂ ಮಗ ಒಟ್ಟಿಗೇ ಹೇಳಿಕೊಳ್ಳುತ್ತಾನೆ. 2010ರಲ್ಲಿ ಅಮೆರಿಕದ ಸಂಸತ್ ಗ್ರಂಥಾಲಯವು ರಾಷ್ಟ್ರೀಯ ಧ್ವನಿಮುದ್ರಣ ಸಂಗ್ರಹಕ್ಕೆ ಈ ಗೀತೆಯನ್ನು ಸೇರಿಸಿಕೊಂಡಿತು.

ಇಂತಹ ಗೀತೆಗಳ ಪಕ್ಕದಲ್ಲೇ 'ಹಿಟ್ ಎಮ್ ಅಪ್' ಇದೆ. ಮೊದಲ ಸಿ.ಡಿ. ಮುಗಿಯುವುದೇ ಇದರಿಂದ. 1996ರ ಜೂನ್‌ನಲ್ಲಿ ಹೊರಬಂದ ಈ ಗೀತೆ ನ್ಯೂಯಾರ್ಕ್‌ನ ರ‍್ಯಾಪ್ ಗಾಯಕ, ಒಂದು ಕಾಲದ ಗೆಳೆಯ 'ನಟೋರಿಯಸ್ ಬಿ.ಐ.ಜಿ.' ಅರ್ಥಾತ್ ಕ್ರಿಸ್ಟೋಫರ್ ವಾಲೇಸ್ ಅವರನ್ನು ಹೆಸರು ಹಿಡಿದು ಹೀನಾಯವಾಗಿ ನಿಂದಿಸುತ್ತದೆ. ಕ್ವಾಡ್ ಸ್ಟುಡಿಯೋ ದಾಳಿಯ ಹಿಂದೆ ವಾಲೇಸ್ ಬಳಗದ ಕೈವಾಡವಿದೆ ಎಂದು ಶಕುರ್ ನಂಬಿದ್ದರು. ವಾಲೇಸ್ ಅದನ್ನು ನಿರಾಕರಿಸಿದ್ದರು. ಸೆಪ್ಟೆಂಬರ್ 7ರಂದು ಲಾಸ್ ವೇಗಸ್‌ನಲ್ಲಿ ಮೈಕ್ ಟೈಸನ್ ಅವರ ಮುಷ್ಟಿಯುದ್ಧ ನೋಡಿ, ಡೆತ್ ರೋ ಮುಖ್ಯಸ್ಥ ಷುಗ್ ನೈಟ್ ಚಲಾಯಿಸುತ್ತಿದ್ದ ಕಾರಿನಲ್ಲಿ ಹೋಗುತ್ತಿದ್ದಾಗ ಶಕುರ್ ಅವರ ಮೇಲೆ ಗುಂಡಿನ ದಾಳಿಯಾಯಿತು. ಆರು ದಿನಗಳ ನಂತರ ಅವರು ಅಸುನೀಗಿದರು. ಆಗ ವಯಸ್ಸು 25. ಮುಂದಿನ ಮಾರ್ಚ್ 9ರಂದು ವಾಲೇಸ್ ಕೂಡ ಲಾಸ್ ಏಂಜಲೀಸ್‌ನಲ್ಲಿ ಗುಂಡಿಗೆ ಬಲಿಯಾದರು.

ಅಂದರೆ 1998ರಲ್ಲಿ ಸಂಕಲನ ಸಿದ್ಧವಾಗುವಾಗ ನಿಂದಿಸಿದವರೂ ಇರಲಿಲ್ಲ, ನಿಂದನೆಗೆ ಗುರಿಯಾದವರೂ ಇರಲಿಲ್ಲ. ಆ ಗೀತೆಯನ್ನು ಕೈಬಿಟ್ಟಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಆದರೂ ಅದನ್ನು ಉಳಿಸಿಕೊಳ್ಳಲಾಯಿತು. ಇದಕ್ಕೆ ವ್ಯಾಪಾರದ ಕಾರಣವನ್ನು ಹೇಳಬಹುದು: ಆಲ್ಬಂಗಳಲ್ಲಿ ಸಿಗದಿದ್ದ ಕುಖ್ಯಾತ ಗೀತೆಗೆ ಬೇಡಿಕೆ ಇತ್ತು. ಫಲ ಮಾತ್ರ ಬೇರೆಯೇ ಆಯಿತು. ಹೆಣ್ಣುಮಕ್ಕಳಿಗೆ ಧೈರ್ಯ ಹೇಳುವ ಗೀತೆಯಿಂದ ಆರಂಭವಾಗುವ ಸಿ.ಡಿ. ದ್ವೇಷದ ಗೀತೆಯಿಂದ ಮುಗಿಯುತ್ತದೆ. ಸತ್ತವರ ಗುಣವನ್ನಷ್ಟೇ ಹೇಳಬೇಕೆಂಬ ಸಂಪ್ರದಾಯವನ್ನು ಈ ಸಂಕಲನ ಪಾಲಿಸಲಿಲ್ಲ. ಅದರ ಪ್ರಾಮಾಣಿಕತೆ ಇರುವುದು ಅಲ್ಲಿಯೇ. ಬಿಡುಗಡೆಯ ಮರುವರ್ಷ, 1999ರ ಎಂಟಿವಿ ವಿಡಿಯೋ ಪ್ರಶಸ್ತಿ ಸಮಾರಂಭದಲ್ಲಿ, ಆಫೆನಿ ಶಕುರ್ ಮತ್ತು ವಾಲೇಸ್ ಅವರ ತಾಯಿ ವೊಲೆಟಾ ವಾಲೇಸ್ ಒಂದೇ ವೇದಿಕೆಯ ಮೇಲೆ ಜೊತೆಯಾಗಿ ನಿಂತರು. ಮಕ್ಕಳ ನಡುವೆ ಆಗದ ರಾಜಿಯನ್ನು ತಾಯಂದಿರು ಮಾಡಿ ತೋರಿಸಿದರು.

ಆರು ವರ್ಷ ಕಾದ 'ಚೇಂಜಸ್'

ಅಪ್ರಕಟಿತವಾಗಿದ್ದ ನಾಲ್ಕು ಗೀತೆಗಳೆಂದರೆ 'ಗಾಡ್ ಬ್ಲೆಸ್ ದ ಡೆಡ್', 'ಅನ್‌ಕಂಡೀಷನಲ್ ಲವ್', 'ಟ್ರಬಲ್‌ಸಮ್ 96' ಮತ್ತು 'ಚೇಂಜಸ್'. ಇವುಗಳಲ್ಲಿ ಲೋಕವ್ಯಾಪಿ ಪ್ರಸಿದ್ಧಿ ಗಳಿಸಿದ್ದು ಕೊನೆಯದು.

ಶಕುರ್ ಇದನ್ನು ಮೊದಲು ಧ್ವನಿಮುದ್ರಿಸಿದ್ದು 1992ರಲ್ಲಿ, ಇಂಟರ್‌ಸ್ಕೋಪ್‌ನಲ್ಲಿದ್ದ ಆರಂಭದ ದಿನಗಳಲ್ಲಿ. ಅಂದು ಅದು ಯಾವ ಆಲ್ಬಂಗೂ ಸೇರಲಿಲ್ಲ. ಅವರ ನಿಧನದ ನಂತರ, 1997-98ರಲ್ಲಿ ಹಳೆಯ ಧ್ವನಿಮುದ್ರಣಕ್ಕೆ ಹೊಸ ವಾದ್ಯಸಂಯೋಜನೆ ಮಾಡಿ, 'ಟ್ಯಾಲೆಂಟ್' ಎಂಬ ತಂಡದಿಂದ ಪಲ್ಲವಿ ಹಾಡಿಸಲಾಯಿತು. ಕೇಳಿದೊಡನೆ ಗುರುತು ಸಿಗುವ ಅದರ ಪಿಯಾನೋ ನಾದ ಬ್ರೂಸ್ ಹಾರ್ನ್ಸ್‌ಬಿ ಅವರ 1986ರ 'ದ ವೇ ಇಟ್ ಈಸ್' ಗೀತೆಯದು. ಹಾರ್ನ್ಸ್‌ಬಿ ಅವರ ಆ ಗೀತೆಯೂ ವರ್ಣಭೇದವನ್ನೂ, 1964ರ ನಾಗರಿಕ ಹಕ್ಕುಗಳ ಕಾಯ್ದೆಯ ಮಿತಿಯನ್ನೂ ಕುರಿತದ್ದೇ ಆಗಿದೆ.

ಬಡತನ, ಮಾದಕ ವಸ್ತು, ಪೊಲೀಸರ ಗುಂಡು, ತುಂಬಿ ತುಳುಕುವ ಸೆರೆಮನೆಗಳು – ಇವು 'ಚೇಂಜಸ್' ಗೀತೆಯ ವಸ್ತು. ಬ್ಲ್ಯಾಕ್ ಪ್ಯಾಂಥರ್ ಪಕ್ಷದ ಸಂಸ್ಥಾಪಕರಲ್ಲೊಬ್ಬರಾದ, 1989ರಲ್ಲಿ ಓಕ್ಲೆಂಡ್‌ನಲ್ಲಿ ಹತರಾದ ಹ್ಯೂಯಿ ನ್ಯೂಟನ್ ಅವರ ಉಲ್ಲೇಖವೂ ಬರುತ್ತದೆ. ಕಪ್ಪುವರ್ಣೀಯ ಅಧ್ಯಕ್ಷನನ್ನು ಕಾಣಲು ದೇಶ ಇನ್ನೂ ಸಿದ್ಧವಾಗಿಲ್ಲ ಎಂಬ ಅರ್ಥದ ಮಾತೂ ಇದೆ. 2008ರಲ್ಲಿ ಬರಾಕ್ ಒಬಾಮ ಆಯ್ಕೆಯಾದಾಗ ಆ ಮಾತಿಗೆ ಹೊಸ ಅರ್ಥ ಬಂತು. 2020ರಲ್ಲಿ ಜಾರ್ಜ್ ಫ್ಲಾಯ್ಡ್ ಅವರು ಪೊಲೀಸ್ ವಶದಲ್ಲಿ ಕೊಲೆಯಾದಾಗ, ಗೀತೆಯ ಉಳಿದ ಮಾತುಗಳು ಹಳತಾಗಿಲ್ಲ ಎಂಬುದೂ ಸಾಬೀತಾಯಿತು.

ಬ್ರಿಟನ್‌ನ ಗೀತೆಗಳ ಪಟ್ಟಿಯಲ್ಲಿ 'ಚೇಂಜಸ್' ಮೂರನೇ ಸ್ಥಾನದವರೆಗೆ ಏರಿತು. 2000ದಲ್ಲಿ ಗ್ರ್ಯಾಮಿ ಪ್ರಶಸ್ತಿಯ ರ‍್ಯಾಪ್ ಏಕವ್ಯಕ್ತಿ ವಿಭಾಗಕ್ಕೆ ನಾಮಕರಣಗೊಂಡಿತು. 2009ರಲ್ಲಿ ವ್ಯಾಟಿಕನ್ ಪ್ರಕಟಿಸಿದ ಗೀತೆಗಳ ಪಟ್ಟಿಯಲ್ಲಿ ಇದು ಸೇರಿದ್ದು ಅನೇಕರನ್ನು ಚಕಿತಗೊಳಿಸಿತು.

ಇಷ್ಟಾದರೂ ಒಂದು ಪ್ರಶ್ನೆ ಉಳಿಯುತ್ತದೆ. ದನಿ ಶಕುರ್ ಅವರದು, ಮಾತು ಅವರದು. ಆದರೆ ಜಗತ್ತು ಕೇಳಿದ ರೂಪವನ್ನು ಅವರು ಕೇಳಲೇ ಇಲ್ಲ. ತಾವೇ ಬದಿಗಿಟ್ಟಿದ್ದ ಗೀತೆ ತಮ್ಮ ಹೆಸರಿನ ಮುಖ್ಯ ಗುರುತುಗಳಲ್ಲಿ ಒಂದಾಗುತ್ತದೆಂದು ಅವರಿಗೆ ತಿಳಿಯಲು ಸಾಧ್ಯವಿರಲಿಲ್ಲ.

ತಾಯಿಯ ಕೈಗೆ ಬಂದ ಹಕ್ಕು

ಶಕುರ್ ಸೆರೆಮನೆಯಿಂದ ಹೊರಬಂದದ್ದು ಷುಗ್ ನೈಟ್ 14 ಲಕ್ಷ ಡಾಲರ್ ಜಾಮೀನು ಹಣವನ್ನು ಹೊಂದಿಸಿದ ಮೇಲೆ. ಅದಕ್ಕೆ ಪ್ರತಿಯಾಗಿ ಅವರು ಡೆತ್ ರೋ ಸಂಸ್ಥೆಯೊಂದಿಗೆ ಆಲ್ಬಂಗಳ ಒಪ್ಪಂದಕ್ಕೆ ಸಹಿ ಹಾಕಿದ್ದರು. ನಂತರದ ತಿಂಗಳುಗಳಲ್ಲಿ ಹಗಲಿರುಳೆನ್ನದೆ ಧ್ವನಿಮುದ್ರಣ ನಡೆಸಿದ್ದರಿಂದ ಅಪ್ರಕಟಿತ ಗೀತೆಗಳ ದೊಡ್ಡ ರಾಶಿಯೇ ಉಳಿಯಿತು. ಮಗನಿಗೆ ಸಲ್ಲಬೇಕಾದ ಹಣ ಸಂದಿಲ್ಲವೆಂದು ಆಫೆನಿ 1997ರಲ್ಲಿ ಡೆತ್ ರೋ ವಿರುದ್ಧ ನ್ಯಾಯಾಲಯದ ಮೆಟ್ಟಿಲೇರಿದರು. ಅದೇ ವರ್ಷ ಮಗನ ಹೆಸರಿನ ಒಂದು ಭಾಗವನ್ನೇ ಇಟ್ಟು 'ಅಮರು' ಸಂಸ್ಥೆಯನ್ನು ಕಟ್ಟಿದರು. 'ಗ್ರೇಟೆಸ್ಟ್ ಹಿಟ್ಸ್' ಮೇಲೆ ಅಮರು, ಡೆತ್ ರೋ, ಇಂಟರ್‌ಸ್ಕೋಪ್ – ಮೂರೂ ಹೆಸರುಗಳು ಒಟ್ಟಿಗಿರುವುದಕ್ಕೆ ಈ ಹಿನ್ನೆಲೆ ಇದೆ. ಗೀತೆಗಳ ಹಕ್ಕು ಹಲವು ಕೈಗಳಲ್ಲಿ ಹಂಚಿಹೋಗಿತ್ತು. ಎಲ್ಲರೂ ಒಪ್ಪದೆ ಇಡೀ ವೃತ್ತಿಜೀವನದ ಸಂಕಲನ ಸಾಧ್ಯವಿರಲಿಲ್ಲ.

ಆಫೆನಿ 2016ರ ಮೇ ತಿಂಗಳಲ್ಲಿ ನಿಧನರಾದರು. 2017ರಲ್ಲಿ ಟುಪಾಕ್ ಹೆಸರು ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಸೇರ್ಪಡೆಯಾಯಿತು. ಕೊಲೆ ಪ್ರಕರಣದಲ್ಲಿ ಮೊದಲ ಬಂಧನ ಆದದ್ದು 27 ವರ್ಷಗಳ ನಂತರ, 2023ರ ಸೆಪ್ಟೆಂಬರ್‌ನಲ್ಲಿ. ಬಂಧಿತ ಡ್ವೇನ್ ಡೇವಿಸ್ ತಾವು ನಿರ್ದೋಷಿ ಎಂದು ನ್ಯಾಯಾಲಯದಲ್ಲಿ ಹೇಳಿದ್ದಾರೆ.

ಆಯ್ಕೆಯಿಂದ ಸೃಷ್ಟಿಯವರೆಗೆ

ಸತ್ತ ಗಾಯಕನ ದನಿಯನ್ನು ಯಾರು, ಎಷ್ಟರಮಟ್ಟಿಗೆ ಬಳಸಬಹುದು ಎಂಬ ಚರ್ಚೆ ಆ ಬಳಿಕ ಬಹುದೂರ ಸಾಗಿದೆ. 2012ರಲ್ಲಿ ಕ್ಯಾಲಿಫೋರ್ನಿಯಾದ ಕೋಚೆಲಾ ಸಂಗೀತೋತ್ಸವದ ವೇದಿಕೆಯ ಮೇಲೆ ಶಕುರ್ ಅವರ ಬೆಳಕಿನ ಪ್ರತಿಬಿಂಬವನ್ನು ಮೂಡಿಸಿ 'ಹಾಡಿಸಲಾಯಿತು'. 2024ರ ಏಪ್ರಿಲ್‌ನಲ್ಲಿ ಕೆನಡಾದ ಗಾಯಕ ಡ್ರೇಕ್ ಕೃತಕ ಬುದ್ಧಿಮತ್ತೆಯ ನೆರವಿನಿಂದ ಟುಪಾಕ್ ದನಿಯನ್ನು ಅನುಕರಿಸಿ ತಮ್ಮ ಗೀತೆಯೊಂದರಲ್ಲಿ ಬಳಸಿದರು. ಶಕುರ್ ಅವರ ವಾರಸುದಾರ ಸಂಸ್ಥೆ ಕಾನೂನು ನೋಟಿಸ್ ಕಳುಹಿಸಿದ ಮೇಲೆ ಆ ಗೀತೆಯನ್ನು ಹಿಂತೆಗೆದುಕೊಂಡರು.

ಈ ಹಿನ್ನೆಲೆಯಲ್ಲಿ ನೋಡಿದರೆ 1998ರ ಸಂಕಲನ ತೀರ ಸಂಯಮದ ಕೆಲಸವಾಗಿ ಕಾಣುತ್ತದೆ. ಅಲ್ಲಿ ಆಯ್ಕೆ ಇತರರದಾದರೂ ಆಡಿದ ಒಂದೊಂದು ಮಾತೂ ಶಕುರ್ ಅವರದೇ. ಆಯ್ಕೆಯಲ್ಲಿ ಒಲವು ಇರಬಹುದು, ಆದರೆ ಕೇಳುಗ ಮೂಲ ಆಲ್ಬಂಗಳತ್ತ ಹೋಗಿ ಅದನ್ನು ತಾನೇ ಸರಿಪಡಿಸಿಕೊಳ್ಳಬಲ್ಲ. ಆಡದ ಮಾತನ್ನು ಆಡಿಸಿದಾಗ ಹಾಗೆ ಸರಿಪಡಿಸಿಕೊಳ್ಳಲು ಮೂಲವೇ ಇರುವುದಿಲ್ಲ.

ಹೊಸಬರು ಎಲ್ಲಿಂದ ಆರಂಭಿಸಬೇಕು?

ಟುಪಾಕ್ ಗೀತೆಗಳನ್ನು ಮೊದಲ ಬಾರಿಗೆ ಕೇಳುವವರು ಸಿ.ಡಿ.ಯ ಕ್ರಮವನ್ನು ಬಿಟ್ಟು ಕಾಲಕ್ರಮವನ್ನು ಹಿಡಿಯುವುದು ಒಳಿತು. 1991ರ 'ಟ್ರ್ಯಾಪ್ಡ್' ಮತ್ತು 'ಬ್ರೆಂಡಾಸ್ ಗಾಟ್ ಎ ಬೇಬಿ', ಅನಂತರ 1992ರಲ್ಲಿ ಹುಟ್ಟಿದ 'ಚೇಂಜಸ್', 1993ರ 'ಕೀಪ್ ಯಾ ಹೆಡ್ ಅಪ್', 1995ರ 'ಡಿಯರ್ ಮಾಮಾ' ಮತ್ತು 'ಸೋ ಮೆನಿ ಟಿಯರ್ಸ್', ಬಳಿಕ 'ಕ್ಯಾಲಿಫೋರ್ನಿಯಾ ಲವ್' ಮತ್ತು 'ಹಿಟ್ ಎಮ್ ಅಪ್', ಕಡೆಗೆ 'ಹೇಲ್ ಮೇರಿ'. ಹಲವು ಗೀತೆಗಳಲ್ಲಿ ಬೈಗುಳ, ಹಿಂಸೆ ಹಾಗೂ ಹೆಣ್ಣುಮಕ್ಕಳನ್ನು ಕುರಿತ ಒರಟು ಮಾತುಗಳಿರುವುದರಿಂದ ಮಕ್ಕಳ ಜೊತೆ ಕುಳಿತು ಕೇಳುವಂಥವಲ್ಲ ಎಂಬುದನ್ನು ಗಮನದಲ್ಲಿರಿಸಿಕೊಳ್ಳಬೇಕು.

ಹೀಗೆ ಕೇಳುತ್ತ ಹೋದಾಗ 'ಚೇಂಜಸ್' ತನ್ನ ನಿಜವಾದ ಜಾಗಕ್ಕೆ ಬಂದು ಕೂರುತ್ತದೆ. ಮರಣೋತ್ತರವಾಗಿ ಬಂದುದರಿಂದ ಅದನ್ನು ಗಾಯಕನ ಅಂತಿಮ ಸಂದೇಶವೆಂದು ಭಾವಿಸಿದವರು ಅನೇಕರು. ವಾಸ್ತವದಲ್ಲಿ ಅದನ್ನು ಬರೆದವನು ಇಪ್ಪತ್ತೊಂದರ ಆಸುಪಾಸಿನ, ಒಂದೇ ಆಲ್ಬಂ ಹೊರತಂದಿದ್ದ ಯುವಕ. ಸೆರೆಮನೆ, ಡೆತ್ ರೋ, ವೈರ, ಲಾಸ್ ವೇಗಸ್ ಎಲ್ಲವೂ ಅವನ ಮುಂದಿದ್ದವು.